ಆರು ವಾರಗಳ ಗಡುವು

ಥೈರಾಯ್ಡ್ ಗ್ರಂಥಿ ಸೊರಗಿದೆಯೆಂದು ತಿಳಿದುಬಂದವರಿಗೆ ವೈದ್ಯರು ಒಂದು ಪುಟ್ಟ ಮಾತ್ರೆಯನ್ನು ಬರೆದುಕೊಡುತ್ತಾರೆ. ಬೆಳಗ್ಗೆ ಎದ್ದೊಡನೆ ಬರಿಯ ಹೊಟ್ಟೆಯಲ್ಲಿ, ಕಾಫಿಗೆ ಮುಂಚೆ ನುಂಗಬೇಕೆಂದು ವಿಧಿಸುತ್ತಾರೆ. ಆಮೇಲೆ, ‘ಆರು ವಾರ ಬಿಟ್ಟು ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ’ ಎಂದು ಕಳುಹಿಸಿಬಿಡುತ್ತಾರೆ. ಜ್ವರದ ಗುಳಿಗೆ ಗಂಟೆಯೊಳಗೆ ಬೆವರು ತರಿಸುವುದನ್ನು ಕಂಡ ನಮಗೆ ಈ ಗಡುವು ವಿಚಿತ್ರವಾಗಿ ತೋರುತ್ತದೆ. ಹತ್ತು ದಿನಕ್ಕೇ ರಕ್ತ ಕೊಟ್ಟು ಬಂದು, ಅಂಕಿ ಇಳಿಯಬೇಕಾದಷ್ಟು ಇಳಿದಿಲ್ಲವೆಂದು ಕಂಗಾಲಾಗುವವರುಂಟು. ಮಾತ್ರೆ ನಾಟಲಿಲ್ಲವೆಂದು ತಾವಾಗಿಯೇ ಒಂದಕ್ಕೆರಡು ನುಂಗುವವರೂ ಉಂಟು. ಮೊದಲನೆಯವರು ಕಳೆದುಕೊಳ್ಳುವುದು ಪರೀಕ್ಷೆಯ ಹಣವನ್ನು ಮಾತ್ರ. ಎರಡನೆಯವರು ಪಣಕ್ಕಿಡುವುದು ತಮ್ಮ ಹೃದಯವನ್ನು.

ಈ ಆರು ವಾರ ಎಲ್ಲಿಂದ ಬಂತು? ನಮ್ಮ ನಾಟಿ ವೈದ್ಯರು ನಲವತ್ತೆಂಟು ದಿನದ ಮಂಡಲವನ್ನು ಹೇಳುವಂತೆ ಇದೂ ರೂಢಿಯಿಂದ ಬಂದ ಒಂದು ಸಂಖ್ಯೆಯೆ? ಅಲ್ಲ. ಈ ಸಂಖ್ಯೆಗೆ ಒಂದು ಚರಿತ್ರೆಯಿದೆ, ಮತ್ತು ಆ ಚರಿತ್ರೆ ನೂರು ವರ್ಷಕ್ಕೂ ಹಿಂದಿನದು. ರಕ್ತದಲ್ಲಿ ಏನಿದೆಯೆಂದು ನೋಡುವ ಉಪಾಯವೇ ಇಲ್ಲದಿದ್ದ ಕಾಲದಲ್ಲಿ, ಕುರಿಯ ಕತ್ತಿನಿಂದ ಹಿಂಡಿದ ರಸದೊಡನೆ ಅದು ಆರಂಭವಾಗುತ್ತದೆ.

ಹೆಸರಿನ ಬಗೆಗೆ ಮೊದಲು ಒಂದು ಮಾತು. ಭಾಷೆಯ ಮೇಷ್ಟರಿಗೆ ಇಷ್ಟು ಸಲಿಗೆಯನ್ನು ವಾಚಕರು ಕೊಡಬೇಕು. ೧೬೫೬ರಲ್ಲಿ ಲಂಡನ್ನಿನ ಥಾಮಸ್ ವಾರ್ಟನ್ ಎಂಬ ವೈದ್ಯನು ಗಂಟಲಿನ ಮುಂದಿರುವ ಈ ಗ್ರಂಥಿಗೆ ಗ್ರೀಕರ ಗುರಾಣಿಯ ಹೆಸರನ್ನಿಟ್ಟನು. ‘ಗುರಾಣಿಕ ಗ್ರಂಥಿ’ ಎಂಬ ಮಾತು ನಮ್ಮ ಪುಸ್ತಕಗಳಲ್ಲಿ ಇದೆ. ಆದರೆ ಜನ ಅದನ್ನು ಪುಸ್ತಕದಲ್ಲಿಯೇ ಬಿಟ್ಟು ‘ಥೈರಾಯ್ಡ್’ ಎಂಬುದನ್ನೇ ನಾಲಗೆಗೆ ತಂದುಕೊಂಡಿದ್ದಾರೆ. ಈಗಂತೂ ‘ನನಗೆ ಥೈರಾಯ್ಡ್ ಇದೆ’ ಎಂದರೆ ಕಾಯಿಲೆಯಿದೆ ಎಂದೇ ಅರ್ಥ. ಗ್ರಂಥಿ ಎಲ್ಲರಿಗೂ ಇದೆಯೆಂದು ತಿದ್ದಹೋಗುವುದು ವ್ಯರ್ಥ. ಗಳಗಂಡವನ್ನು ನಮ್ಮ ಸುಶ್ರುತ ಸಂಹಿತೆಯೂ ವರ್ಣಿಸುತ್ತದೆ. ಆದರೆ ಅದು ಕಣ್ಣಿಗೆ ಕಾಣುವ ಊತದ ಮಾತು. ಊತವೇ ಇಲ್ಲದೆ ಗ್ರಂಥಿ ಒಳಗೊಳಗೇ ಬತ್ತಿಹೋಗುವ ರೋಗವನ್ನು ಗುರುತಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ.

೧೮೭೩ರಲ್ಲಿ ಲಂಡನ್ನಿನ ಸರ್ ವಿಲಿಯಂ ಗಲ್, ನಡುವಯಸ್ಸಿನ ಕೆಲವು ಹೆಂಗಸರಲ್ಲಿ ತಾನು ಕಂಡ ಒಂದು ವಿಚಿತ್ರ ಸ್ಥಿತಿಯನ್ನು ವರ್ಣಿಸಿದನು. ಮುಖ ಊದಿಕೊಂಡು ಅಗಲವಾಗುವುದು, ನಾಲಗೆ ದಪ್ಪವಾಗಿ ಮಾತು ತೊದಲುವುದು, ಸದಾ ಚಳಿ, ಸದಾ ಜಡತೆ. ಚರ್ಮದ ಕೆಳಗೆ ಲೋಳೆಯಂಥ ಪದಾರ್ಥ ಸೇರುವುದನ್ನು ನೋಡಿ ವಿಲಿಯಂ ಆರ್ಡ್ ಎಂಬವನು ಈ ರೋಗಕ್ಕೆ ‘ಮಿಕ್ಸೆಡೀಮ’ ಎಂದು ಹೆಸರಿಟ್ಟನು. ಅದಾದ ಕೆಲವೇ ವರ್ಷಗಳಲ್ಲಿ, ೧೮೮೩ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರವೈದ್ಯ ಥಿಯೋಡರ್ ಕೋಖರ್ ಒಂದು ಕಹಿ ಸತ್ಯವನ್ನು ಲೋಕದ ಮುಂದಿಟ್ಟನು. ಗಳಗಂಡವೆಂದು ಗ್ರಂಥಿಯನ್ನು ಪೂರ್ತಿ ಕಿತ್ತುಹಾಕಿದ್ದ ತನ್ನ ರೋಗಿಗಳನ್ನು ಮತ್ತೆ ಕರೆಸಿ ನೋಡಿದಾಗ, ಅವರಲ್ಲಿ ಬಹುಪಾಲು ಮಂದಿ ಇದೇ ಜಡಸ್ಥಿತಿಗೆ ಇಳಿದಿದ್ದರು. ಲಂಡನ್ನಿನ ಕ್ಲಿನಿಕಲ್ ಸೊಸೈಟಿಯ ಸಮಿತಿಯೊಂದು ಎಲ್ಲವನ್ನೂ ಜೋಡಿಸಿ ನೋಡಿ, ೧೮೮೮ರಲ್ಲಿ, ಇವೆಲ್ಲ ಒಂದೇ ಕೊರತೆಯ ಬೇರೆ ಬೇರೆ ಮುಖಗಳೆಂದು ತೀರ್ಮಾನಿಸಿತು. ಗ್ರಂಥಿ ಇಲ್ಲವಾದರೆ ಮನುಷ್ಯ ಕುಗ್ಗುತ್ತಾನೆ. ಹಾಗಾದರೆ ಗ್ರಂಥಿಯನ್ನು ಮರಳಿ ಕೊಡಬಹುದೆ?

ಲಿಸ್ಬನ್ನಿನ ಇಬ್ಬರು ವೈದ್ಯರು ೧೮೯೦ರಲ್ಲಿ ಕುರಿಯ ಗ್ರಂಥಿಯನ್ನು ರೋಗಿಯೊಬ್ಬಳ ಚರ್ಮದ ಕೆಳಗೆ ಕಸಿ ಮಾಡಿ ನೋಡಿದರು. ಕಸಿ ಬೇರೂರುವಷ್ಟು ಕಾಲ ಕಳೆಯುವ ಮೊದಲೇ ಆಕೆ ಚೇತರಿಸಿಕೊಂಡಳು. ಇದನ್ನು ಓದಿದ ನ್ಯೂಕ್ಯಾಸಲ್ ಊರಿನ ಜಾರ್ಜ್ ಮರ್ರೆ ಎಂಬ ತರುಣ ವೈದ್ಯ (ಅವನಿಗಿನ್ನೂ ಇಪ್ಪತ್ತಾರು ತುಂಬಿರಲಿಲ್ಲ), ಹಾಗಾದರೆ ಉಪಕಾರ ಮಾಡಿದ್ದು ಕಸಿಯಲ್ಲ, ಅದರಿಂದ ಒಸರಿದ ರಸ ಎಂದು ತರ್ಕಿಸಿದನು. ರಸವೇ ಸಾಕಾದರೆ ಅದನ್ನು ಹಿಂಡಿ ಚುಚ್ಚಬಾರದೇಕೆ? ಸ್ಥಳೀಯ ವೈದ್ಯರ ಸಭೆಯಲ್ಲಿ ಈ ಮಾತೆತ್ತಿದಾಗ ಹಿರಿಯನೊಬ್ಬನು, ಹಾಗಾದರೆ ಬೆನ್ನುಹುರಿಯ ರೋಗಕ್ಕೆ ಬೆನ್ನುಹುರಿಯನ್ನು ಅರೆದು ಚುಚ್ಚಿದರಾಯಿತು ಎಂದು ಹಾಸ್ಯ ಮಾಡಿದನಂತೆ. ಮರ್ರೆ ಕಸಾಯಿಖಾನೆಯಿಂದ ಹೊಸದಾಗಿ ತಂದ ಕುರಿಯ ಗ್ರಂಥಿಯನ್ನು ಕೊಚ್ಚಿ, ಗ್ಲಿಸರಿನ್ ಮತ್ತು ಕಾರ್ಬಾಲಿಕ್ ಆಮ್ಲದ ನೀರಿನಲ್ಲಿ ನೆನೆಹಾಕಿ, ಕರವಸ್ತ್ರದಲ್ಲಿ ಹಿಂಡಿ ರಸ ತೆಗೆದನು. ೧೮೯೧ರ ಏಪ್ರಿಲ್‌ನಲ್ಲಿ ನಲವತ್ತಾರು ವರ್ಷದ ಒಬ್ಬ ಗೃಹಿಣಿಗೆ ಅದನ್ನು ಚುಚ್ಚಲು ಆರಂಭಿಸಿದನು.

ನಮ್ಮ ಕಥೆಗೆ ಮುಖ್ಯವಾದದ್ದು ಅವನು ಚುಚ್ಚಿದ ರಸವಲ್ಲ, ಚುಚ್ಚುಗಳ ನಡುವಿನ ಅಂತರ. ಮೊದಮೊದಲು ವಾರಕ್ಕೆರಡು ಬಾರಿ ಕೊಟ್ಟನು. ಮುಖದ ಊತ ಇಳಿಯಿತು, ಮಾತು ಚುರುಕಾಯಿತು, ಬೆವರು ಮರಳಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಆಕೆ ಸರಾಗವಾಗಿ ಓಡಾಡುತ್ತಿದ್ದಳು. ಆಮೇಲೆ ಅವನು ಅಂತರವನ್ನು ಹೆಚ್ಚಿಸುತ್ತ ಹೋದನು. ಎರಡು ಮೂರು ವಾರಕ್ಕೊಮ್ಮೆ ಚುಚ್ಚಿದರೂ ಆಕೆ ಹಿಂದಕ್ಕೆ ಜಾರಲಿಲ್ಲ. ಒಮ್ಮೆ ಕೊಟ್ಟ ಮದ್ದು ವಾರಗಟ್ಟಲೆ ಮೈಯಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಸಾಕ್ಷಿ ಎದುರಿಗಿದ್ದರೂ ಅದನ್ನು ಲೆಕ್ಕಕ್ಕೆ ತರುವ ಸಾಧನ ಯಾರಲ್ಲಿಯೂ ಇರಲಿಲ್ಲ.

ಮರುವರ್ಷವೇ, ೧೮೯೨ರಲ್ಲಿ, ಗ್ರಂಥಿಯನ್ನು ತಿನ್ನಿಸಿದರೂ ಗುಣ ಬರುತ್ತದೆಂದು ಲಂಡನ್ನಿನ ಮೆಕೆಂಜಿ, ಪ್ಲಿಮತ್‌ನ ಫಾಕ್ಸ್ ಮೊದಲಾದವರು ತೋರಿಸಿಕೊಟ್ಟರು. ಸೂಜಿ ಹೋಗಿ ಪುಡಿ ಬಂತು, ಪುಡಿಯಿಂದ ಗುಳಿಗೆ ಬಂತು. ಇದರೊಡನೆ ಅವಸರವೂ ಬಂತು. ಹಲವು ವರ್ಷ ಜಡವಾಗಿದ್ದ ದೇಹದಲ್ಲಿ ಹೃದಯವೂ ಮಂದಗತಿಗೆ ಒಗ್ಗಿಕೊಂಡಿರುತ್ತದೆ. ಅದಕ್ಕೆ ಒಮ್ಮೆಲೇ ಚಾಟಿ ಬೀಸಿದರೆ ಅದು ತಾಳದು. ಮೊದಲ ವರ್ಷಗಳಲ್ಲಿ, ಮದ್ದಿನ ಭರದಲ್ಲಿ ಎದ್ದು ಓಡಾಡಲು ಹೋಗಿ ಹಠಾತ್ತಾಗಿ ಕುಸಿದು ಸತ್ತ ರೋಗಿಗಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು. ಕೊಂಚ ಕೊಟ್ಟು, ಕಾದು, ನೋಡಿ, ಮತ್ತೆ ಕೊಂಚ ಕೊಡಬೇಕೆಂಬ ಪಾಠ ಹೀಗೆ ಸಾವುಗಳಿಂದ ಬಂದದ್ದು. ಎಷ್ಟು ಕಾಲ ಕಾಯಬೇಕು ಎಂಬುದು ಮಾತ್ರ ಆಯಾ ವೈದ್ಯನ ಅನುಭವಕ್ಕೆ ಬಿಟ್ಟ ವಿಷಯವಾಗಿತ್ತು. ನಾಡಿಯ ವೇಗ, ಮೈಯ ಕಾವು, ತೂಕ, ನಾಲಗೆಯ ದಪ್ಪ, ಇವೇ ಅವನ ಅಳತೆಗೋಲುಗಳು.

ಸಂಖ್ಯೆಯಲ್ಲಿ ಹೇಳಬಹುದಾದ ಮೊದಲ ಅಳತೆ ಬಂದದ್ದು ಉಸಿರಿನಿಂದ. ಥೈರಾಯ್ಡ್ ಕಡಿಮೆಯಾದವರ ದೇಹ ಪ್ರಾಣವಾಯುವನ್ನು ಕಡಿಮೆ ಬಳಸುತ್ತದೆ, ಮದ್ದು ಕೊಟ್ಟರೆ ಬಳಕೆ ಏರುತ್ತದೆ ಎಂಬುದನ್ನು ೧೮೯೫ರಲ್ಲಿ ಬರ್ಲಿನ್ನಿನ ಮ್ಯಾಗ್ನಸ್-ಲೆವಿ ತೋರಿಸಿದನು. ಮುಂದೆ ಇದೇ ‘ಬಿ.ಎಂ.ಆರ್.’ ಎಂದು ಹೆಸರಾದ ಪರೀಕ್ಷೆಯಾಯಿತು. ರೋಗಿ ಹಿಂದಿನ ರಾತ್ರಿಯಿಂದ ಉಪವಾಸವಿದ್ದು, ಬೆಳಗ್ಗೆ ಅಲುಗಾಡದೆ ಮಲಗಿ, ಮೂಗು ಮುಚ್ಚಿಕೊಂಡು ಯಂತ್ರದ ಕೊಳವೆಯಲ್ಲಿ ಉಸಿರಾಡಬೇಕು. ಯಂತ್ರವನ್ನು ನೋಡಿ ರೋಗಿ ಹೆದರಿದರೆ ಅಂಕಿ ಏರುತ್ತಿತ್ತು. ಕೆಲವೊಮ್ಮೆ ಅಳೆದದ್ದು ರೋಗವನ್ನೋ ಭಯವನ್ನೋ ಎಂದು ತಿಳಿಯುವಂತಿರಲಿಲ್ಲ. ಆದರೂ ಅದು ಅಳತೆ.

ಈ ಅಳತೆಗೆ ತಕ್ಕ ಶುದ್ಧ ಪದಾರ್ಥವೂ ಬೇಕಾಗಿತ್ತು. ಅಮೆರಿಕದ ಮಿನೆಸೋಟ ಪ್ರಾಂತದ ರಾಚೆಸ್ಟರಿನಲ್ಲಿರುವ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞ ೧೯೧೪ರ ಕ್ರಿಸ್‌ಮಸ್ ದಿನ ಅದನ್ನು ಹರಳಿನ ರೂಪದಲ್ಲಿ ಕಂಡನು. ಮೂವತ್ತಮೂರು ಗ್ರಾಂ ಹರಳು ಕೂಡಿಸುವುದಕ್ಕೆ ಅವನಿಗೆ ಸುಮಾರು ಮೂರು ಟನ್ ಹಂದಿಯ ಗ್ರಂಥಿ ಬೇಕಾಯಿತು. ಆ ಹರಳೇ ಥೈರಾಕ್ಸಿನ್. ಅದೇ ಆಸ್ಪತ್ರೆಯ ಹೆನ್ರಿ ಪ್ಲಮರ್ ಎಂಬ ವೈದ್ಯ, ಈ ಶುದ್ಧ ಥೈರಾಕ್ಸಿನ್ನನ್ನು ರೋಗಿಯ ರಕ್ತನಾಳಕ್ಕೆ ಒಂದೇ ಸಲ ಕೊಟ್ಟು, ಆಮೇಲೆ ಏನನ್ನೂ ಕೊಡದೆ, ಸಂಗಡಿಗ ಬೂತ್‌ಬಿಯೊಡನೆ ಉಸಿರಿನ ಅಳತೆಗಳನ್ನು ತೆಗೆಯಿಸುತ್ತ ಹೋದನು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತಿ ಸುಂದರವಾದ ಪ್ರಯೋಗ ಇದೇ. ಕೊಟ್ಟ ದಿನ ಏನೂ ಆಗುವುದಿಲ್ಲ. ಮರುದಿನವೂ ಹೆಚ್ಚೇನಿಲ್ಲ. ಆಮೇಲೆ ಅಂಕಿ ದಿನದಿನಕ್ಕೆ ಮೇಲೇರಿ, ಹತ್ತು ದಿನದ ಆಸುಪಾಸಿನಲ್ಲಿ ಶಿಖರ ಮುಟ್ಟಿ, ಅಲ್ಲಿಂದ ವಾರಗಟ್ಟಲೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಮರ್ರೆಯ ಗೃಹಿಣಿ ಮೂರು ವಾರ ಚುಚ್ಚಿಲ್ಲದೆ ಹೇಗೆ ಇರಬಲ್ಲವಳಾದಳು ಎಂಬುದಕ್ಕೆ ಉತ್ತರ ಆ ಕಾಗದದ ಗೆರೆಯಲ್ಲಿತ್ತು.

ಲಂಡನ್ನಿನ ಹ್ಯಾರಿಂಗ್‌ಟನ್ ೧೯೨೬ರಲ್ಲಿ ಥೈರಾಕ್ಸಿನ್ನಿನ ನಿಜವಾದ ರಚನೆಯನ್ನು ಬಿಡಿಸಿದನು. ಮರುವರ್ಷ ಬಾರ್ಜರನೊಡನೆ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿಯೂ ತೋರಿಸಿದನು. ಹಾಗಿದ್ದೂ ಇನ್ನೂ ಹಲವು ದಶಕ ಜನ ನುಂಗಿದ್ದು ಒಣಗಿಸಿದ ಪ್ರಾಣಿಗ್ರಂಥಿಯ ಪುಡಿಯನ್ನೇ.

ಮೈಯಲ್ಲಿ ಮದ್ದು ಎಷ್ಟು ದಿನ ಉಳಿಯುತ್ತದೆಂಬುದನ್ನು ನೇರವಾಗಿ ಎಣಿಸಲು ವಿಕಿರಣಶೀಲ ಅಯೊಡಿನ್ ಬರಬೇಕಾಯಿತು. ಥೈರಾಕ್ಸಿನ್ ಎಂದರೆ ಅಯೊಡಿನ್ ಕೂಡಿದ ಪದಾರ್ಥ. ಆ ಅಯೊಡಿನ್ನಿಗೇ ಗುರುತು ಹಚ್ಚಿ ಒಳಗೆ ಬಿಟ್ಟರೆ, ಅದು ರಕ್ತದಿಂದ ಮರೆಯಾಗುವುದನ್ನು ಯಂತ್ರ ಎಣಿಸುತ್ತದೆ. ೧೯೫೪ರಲ್ಲಿ ಅಮೆರಿಕದ ಕೆನೆತ್ ಸ್ಟರ್ಲಿಂಗ್ ಮತ್ತು ಸಂಗಡಿಗರು ಹೀಗೆ ಎಣಿಸಿ ಪ್ರಕಟಿಸಿದರು. ಒಳಗೆ ಹೋದ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಇಷ್ಟು ನಿಧಾನವೇಕೆಂದರೆ, ರಕ್ತದಲ್ಲಿರುವ ಥೈರಾಕ್ಸಿನ್ನಿನಲ್ಲಿ ಹತ್ತು ಸಾವಿರಕ್ಕೆ ಮೂರು ಪಾಲಿನಷ್ಟು ಮಾತ್ರ ಬಿಡಿಯಾಗಿರುತ್ತದೆ. ಮಿಕ್ಕದ್ದೆಲ್ಲ ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡು, ಕಣಜದ ಭತ್ತದಂತೆ ಬೇಕಾದಷ್ಟೇ ಹೊರಬರುತ್ತದೆ.

ಇನ್ನು ಲೆಕ್ಕ ಸುಲಭ. ದಿನವೂ ಒಂದೇ ಅಳತೆಯ ನೀರು ಬೀಳುವ, ಆದರೆ ಇದ್ದದ್ದರಲ್ಲಿ ಅರ್ಧ ಪ್ರತಿ ವಾರ ಸೋರಿಹೋಗುವ ಒಂದು ತೊಟ್ಟಿಯನ್ನು ನೆನೆದುಕೊಳ್ಳಿ. ಬೀಳುವುದೂ ಸೋರುವುದೂ ಸಮನಾಗಿ ನೀರು ಒಂದು ಮಟ್ಟಕ್ಕೆ ನಿಲ್ಲಬೇಕಷ್ಟೆ. ಮೊದಲ ವಾರದ ಕೊನೆಗೆ ಆ ಮಟ್ಟದ ಅರ್ಧ, ಎರಡನೆಯ ವಾರಕ್ಕೆ ಮುಕ್ಕಾಲು, ಮೂರನೆಯ ವಾರಕ್ಕೆ ಎರಡು ವೀಸ ಕಡಿಮೆ, ನಾಲ್ಕಕ್ಕೆ ಒಂದು ವೀಸ ಕಡಿಮೆ, ಐದಕ್ಕೆ ಅರೆವೀಸ ಕಡಿಮೆ. ಕೂಲಿಮಠದ ಮಗ್ಗಿ ಬಲ್ಲ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರೆವೀಸವೆಂದರೆ ನೂರಕ್ಕೆ ಮೂರು. ಐದು ವಾರಕ್ಕೆ ಮೊದಲು ಅಳೆದರೆ ನಾವು ಅಳೆಯುವುದು ಮದ್ದಿನ ಪ್ರಮಾಣವನ್ನಲ್ಲ, ತುಂಬುತ್ತಿರುವ ತೊಟ್ಟಿಯನ್ನು. ಅರ್ಧ ತುಂಬಿದ ತೊಟ್ಟಿಯನ್ನು ಕಂಡು ನಲ್ಲಿಯನ್ನು ಇಮ್ಮಡಿ ತಿರುಗಿಸಿದವನು ತಿಂಗಳಾದ ಮೇಲೆ ಅಂಗಳದಲ್ಲಿ ನೀರು ನೋಡುತ್ತಾನೆ. ಸಾಲದೆಂಬಂತೆ, ಥೈರಾಯ್ಡ್ ಕುಂದಿದವರ ದೇಹದಲ್ಲಿ ಈ ಸೋರಿಕೆಯೂ ಮಂದ. ಅವರಲ್ಲಿ ಅರ್ಧಕ್ಕೆ ಇಳಿಯಲು ಒಂಬತ್ತು ಹತ್ತು ದಿನ ಹಿಡಿಯುತ್ತದೆ. ಮಟ್ಟ ನಿಲ್ಲುವುದೂ ಅಷ್ಟೇ ತಡ.

ಆದರೆ ನಮ್ಮ ಪರೀಕ್ಷಾಪತ್ರದಲ್ಲಿ ಮುಖ್ಯವಾಗಿ ಮುದ್ರಿತವಾಗುವುದು ಥೈರಾಕ್ಸಿನ್ನಿನ ಅಂಕಿಯಲ್ಲ, ಟಿ.ಎಸ್.ಎಚ್. ಎಂಬ ಇನ್ನೊಂದರ ಅಂಕಿ. ಇದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳುಹಿಸುವ ತಾಕೀತು. ಥೈರಾಕ್ಸಿನ್ ಕಡಿಮೆಯಾದಷ್ಟೂ ತಾಕೀತು ಜೋರಾಗುತ್ತದೆ. ಇಂಥ ಅತಿಸೂಕ್ಷ್ಮ ಪ್ರಮಾಣದ ವಸ್ತುಗಳನ್ನು ರಕ್ತದಲ್ಲಿ ಅಳೆಯುವ ಉಪಾಯವನ್ನು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ರೋಸಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ ಇನ್ಸುಲಿನ್ನಿಗಾಗಿ ಕಂಡುಹಿಡಿದಿದ್ದರು. ಬರ್ಸನ್ ೧೯೭೨ರಲ್ಲಿ ತೀರಿಕೊಂಡನು. ಯಾಲೊಗೆ ೧೯೭೭ರಲ್ಲಿ ನೊಬೆಲ್ ಬಹುಮಾನ ಬಂದಾಗ ಅದನ್ನು ಹಂಚಿಕೊಳ್ಳಲು ಅವನಿರಲಿಲ್ಲ. ಇದೇ ಉಪಾಯವನ್ನು ಟಿ.ಎಸ್.ಎಚ್.ಗೆ ಹೊಂದಿಸಿ ೧೯೬೫ರಲ್ಲಿ ರಾಬರ್ಟ್ ಯುಟಿಗರ್ ಒಂದೆಡೆ, ಓಡೆಲ್ ಮತ್ತು ಸಂಗಡಿಗರು ಇನ್ನೊಂದೆಡೆ ಪ್ರಕಟಿಸಿದರು.

ಈ ಪಿಟ್ಯುಟರಿಯ ಸ್ವಭಾವ ನಮ್ಮ ಕೆಲವು ಹಳೆಯ ಕಚೇರಿಗಳಂತೆ. ಬಹುಕಾಲ ಕೂಗಿ ಅಭ್ಯಾಸವಾದ ಮೇಲೆ, ಬೇಕಾದದ್ದು ಬಂದು ತಲಪಿದರೂ ಕೂಗು ತಕ್ಷಣ ನಿಲ್ಲುವುದಿಲ್ಲ. ರಕ್ತದ ಥೈರಾಕ್ಸಿನ್ ಸರಿಯಾದ ಮಟ್ಟಕ್ಕೆ ಬಂದ ಬಳಿಕವೂ ಟಿ.ಎಸ್.ಎಚ್. ಇಳಿಯುವುದಕ್ಕೆ ಕಾಲ ತೆಗೆದುಕೊಳ್ಳುತ್ತದೆ. ಹೀಗೆ ತೊಟ್ಟಿಯ ನಿಧಾನವೂ ಕಚೇರಿಯ ನಿಧಾನವೂ ಕೂಡಿ ಆರು ವಾರದ ಗಡುವು ಹುಟ್ಟಿತು. ಅಮೆರಿಕದ ಥೈರಾಯ್ಡ್ ತಜ್ಞರ ಸಂಘಗಳು ೨೦೧೨ರಲ್ಲಿ ಹೊರಡಿಸಿದ ಸೂಚನೆ, ಮದ್ದು ಆರಂಭಿಸಿದ ಅಥವಾ ಪ್ರಮಾಣ ಬದಲಿಸಿದ ನಾಲ್ಕರಿಂದ ಎಂಟು ವಾರಕ್ಕೆ ಪರೀಕ್ಷೆ ಮಾಡಬೇಕೆನ್ನುತ್ತದೆ. ಪ್ರಮಾಣ ಹೊಂದಿದ ಮೇಲೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸಾಕು. ಆರು ವಾರವೆಂಬುದು ಈ ನಾಲ್ಕು ಎಂಟರ ನಟ್ಟನಡುವೆ ಇದೆ.

ಟಿ.ಎಸ್.ಎಚ್. ಪರೀಕ್ಷೆ ಬಂದ ಮೇಲೆ ಹೊರಬಿದ್ದ ಸಂಗತಿಯೊಂದು ವೈದ್ಯರಿಗೇ ಇರಿಸುಮುರಿಸಿನದಾಗಿತ್ತು. ಉಸಿರಿನ ಯಂತ್ರವನ್ನೂ ನಾಡಿಯನ್ನೂ ನಂಬಿದ್ದ ಕಾಲದಲ್ಲಿ ದಿನಕ್ಕೆ ಇನ್ನೂರರಿಂದ ನಾನ್ನೂರು ಮೈಕ್ರೋಗ್ರಾಂ ಥೈರಾಕ್ಸಿನ್ ಕೊಡುವುದು ವಾಡಿಕೆಯಾಗಿತ್ತು. ೧೯೭೪ರಲ್ಲಿ ಅಮೆರಿಕದ ಸ್ಟಾಕ್, ಸರ್ಕ್ಸ್, ಓಪನ್‌ಹೈಮರ್ ಎಂಬ ಮೂವರು ಟಿ.ಎಸ್.ಎಚ್. ನೋಡಿಕೊಂಡು ಪ್ರಮಾಣವನ್ನು ಹೊಂದಿಸಿದಾಗ ಸರಾಸರಿ ಸುಮಾರು ನೂರ ಎಪ್ಪತ್ತು ಸಾಕಾಯಿತು. ಇಂದು ಪೂರ್ಣ ಪ್ರಮಾಣದ ಲೆಕ್ಕ ದೇಹತೂಕದ ಒಂದು ಕಿಲೋಗೆ ಸುಮಾರು ಒಂದೂವರೆ ಮೈಕ್ರೋಗ್ರಾಮಿಗೆ ಇಳಿದಿದೆ. ಅಂದರೆ ಒಂದು ತಲೆಮಾರಿನ ರೋಗಿಗಳು ಬೇಕಾದದ್ದಕ್ಕಿಂತ ಹೆಚ್ಚು ನುಂಗಿದ್ದರು. ಹೆಚ್ಚಾದರೆ ಏನಾಯಿತು ಎಂದು ಕೇಳುವವರು ಮಸಾಚುಸೆಟ್ಸ್ ಪ್ರಾಂತದ ಫ್ರಾಮಿಂಗ್‌ಹ್ಯಾಮ್ ಊರಿನ ಲೆಕ್ಕವನ್ನು ನೋಡಬೇಕು. ಅರವತ್ತು ದಾಟಿದ ಎರಡು ಸಾವಿರ ಜನರನ್ನು ಹತ್ತು ವರ್ಷ ಹಿಂಬಾಲಿಸಿ ೧೯೯೪ರಲ್ಲಿ ಪ್ರಕಟಿಸಿದ ಆ ವರದಿಯಲ್ಲಿ, ಟಿ.ಎಸ್.ಎಚ್. ತೀರ ತಗ್ಗಿದ್ದವರಿಗೆ ಹೃದಯದ ಲಯ ತಪ್ಪುವ ರೋಗ ತಗಲುವ ಸಂಭವ ಮೂರು ಪಟ್ಟು ಇತ್ತು. ಮಾತ್ರೆಯನ್ನು ಒಂದಕ್ಕೆರಡು ಮಾಡಿಕೊಳ್ಳುವವರಿಗೆ ವೈದ್ಯರು ಗದರುವುದು ಇದಕ್ಕಾಗಿ.

ಗಡುವಿಗೆ ಮಣಿಯದ ಸಂದರ್ಭಗಳೂ ಇವೆ. ಪಿಟ್ಯುಟರಿಯೇ ಕೆಟ್ಟವರಲ್ಲಿ ಟಿ.ಎಸ್.ಎಚ್. ಎಷ್ಟು ವಾರ ಕಾದರೂ ನಿಜ ಹೇಳದು. ಅಲ್ಲಿ ಥೈರಾಕ್ಸಿನ್ನನ್ನೇ ಅಳೆಯಬೇಕು. ಥೈರಾಕ್ಸಿನ್ ಅಳೆಯುವುದಾದರೆ ಆ ಬೆಳಗ್ಗೆ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗುವುದು ಲೇಸು, ಏಕೆಂದರೆ ನುಂಗಿದ ಎರಡು ಮೂರು ಗಂಟೆಗೆ ಅದರ ಅಂಕಿ ತಾತ್ಕಾಲಿಕವಾಗಿ ಮೇಲೇಳುತ್ತದೆ. ಗರ್ಭಿಣಿಯರಲ್ಲಿ ತಾಯಿಯ ಬೇಡಿಕೆ ವಾರವಾರಕ್ಕೆ ಏರುವುದರಿಂದ ಮೊದಲರ್ಧ ಮುಗಿಯುವವರೆಗೆ ಸುಮಾರು ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ ಮಾಡುತ್ತಾರೆ. ತೊಟ್ಟಿ ಪೂರ್ತಿ ತುಂಬುವವರೆಗೆ ಅಲ್ಲಿ ಕಾಯುವ ಹಾಗಿಲ್ಲ. ಹೊಟ್ಟೆಯಲ್ಲಿರುವ ಕೂಸಿನ ಮೆದುಳು ಆಗಲೇ ಕಟ್ಟಿಕೊಳ್ಳುತ್ತಿರುತ್ತದೆ.

ಎಲ್ಲಕ್ಕಿಂತ ಕಟ್ಟುನಿಟ್ಟು ಹುಟ್ಟಿದ ಕೂಸಿನ ವಿಷಯದಲ್ಲಿ. ಥೈರಾಯ್ಡ್ ಇಲ್ಲದೆ ಹುಟ್ಟಿದ ಮಗು ಮೊದಲ ವಾರಗಳಲ್ಲಿ ನೋಡಲು ಎಲ್ಲ ಮಕ್ಕಳಂತೆಯೇ ಇರುತ್ತದೆ. ಲಕ್ಷಣ ಕಾಣುವಷ್ಟರಲ್ಲಿ ಬುದ್ಧಿಗೆ ಆದ ನಷ್ಟ ತುಂಬಿ ಬರುವುದಿಲ್ಲ. ೧೯೭೦ರ ದಶಕದಲ್ಲಿ ಕೆನಡದ ಕ್ವಿಬೆಕ್ ಪ್ರಾಂತದ ಜ್ಯಾ ದ್ಯುಸೋ ಎಂಬ ವೈದ್ಯ, ಎಳೆಗೂಸುಗಳ ರಕ್ತದ ಒಂದು ತೊಟ್ಟನ್ನು ಕಾಗದದ ಮೇಲೆ ಒಣಗಿಸಿ ಅದರಿಂದಲೇ ಕೊರತೆಯನ್ನು ಹಿಡಿಯುವ ಕ್ರಮವನ್ನು ತಂದನು. ಹೀಗೆ ಸಿಕ್ಕಿದ ಮಗುವಿಗೆ ದೊಡ್ಡವರಂತೆ ಕೊಂಚ ಕೊಂಚವಾಗಿ ಏರಿಸುತ್ತ ಹೋಗುವುದಿಲ್ಲ. ತೂಕದ ಕಿಲೋಗೆ ಹತ್ತರಿಂದ ಹದಿನೈದು ಮೈಕ್ರೋಗ್ರಾಂ, ಎಂದರೆ ದೊಡ್ಡವರ ಲೆಕ್ಕಕ್ಕೆ ಏಳೆಂಟು ಪಟ್ಟು, ಮೊದಲ ದಿನದಿಂದಲೇ. ಮಾತ್ರೆಯನ್ನು ಪುಡಿ ಮಾಡಿ ಒಂದಿಷ್ಟು ಹಾಲಿನಲ್ಲೋ ನೀರಿನಲ್ಲೋ ಕದಡಿ ಕುಡಿಸುತ್ತಾರೆ. ಒಂದೆರಡು ವಾರದೊಳಗೆ ಮತ್ತೆ ಆ ಪುಟ್ಟ ಹಿಮ್ಮಡಿಯಿಂದಲೋ ತೋಳಿನಿಂದಲೋ ರಕ್ತ ತೆಗೆಯುತ್ತಾರೆ.